ಎಡೆಗಿಟ್ಟ ಸೀರೆ

ಜುಲೈ 29, ಮಂಗಳವಾರ

ಹೊಸ ವರ್ಷಕ್ಕೆ ವರ್ಕ್‌ಶಾಪಿನಲ್ಲಿ ಕೊಟ್ಟ ಡೈರಿ ಇಷ್ಟು ದಿನ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಬಿದ್ದಿತ್ತು. ಇವತ್ತು ಒರೆಸಿ ತೆಗೆದೆ. ಬೆಳಗ್ಗೆಯಿಂದ ಯಾರ ಜೊತೆಗೂ ನಾಲ್ಕು ಮಾತಾಡಿಲ್ಲ. ಬಾಯಿಗೆ ಕೆಲಸವಿಲ್ಲ, ಕೈಗಾದರೂ ಇರಲಿ.

ಇವತ್ತು ಪಂಚಮಿ. ನಮ್ಮ ಮುಂಡರಗಿ ಕಡೆ ಹೆಣ್ಣುಮಕ್ಕಳು ತವರಿಗೆ ಬಂದು ಉಂಡಿ ತಿಂದು ಜೋಕಾಲಿ ಜೀಕುವ ಹಬ್ಬ. ಪೀಣ್ಯದಲ್ಲಿ ಇದಕ್ಕೆ ರಜೆಯೂ ಇಲ್ಲ. ಎಂದಿನಂತೆ ಹೋಗಿ ಮೇಜಿನ ಮುಂದೆ ಕುಳಿತು, ಕಬ್ಬಿಣ ಕಡೆಯುವ ಲೇಥ್ ಮಷೀನಿನಿಂದ ಬಂದ ಪಿನ್ನುಗಳನ್ನು ಒಂದೊಂದಾಗಿ ಅಳತೆಯ ಗೇಜಿನ ತೂತಿಗೆ ತೂರಿಸಿದೆ. ಸಲೀಸಾಗಿ ಹೋದದ್ದು ಪಾಸು, ಹೋಗದ್ದು ಕೆಂಪು ಡಬ್ಬಿಗೆ. ನನ್ನ ಕೆಲಸ ಅಷ್ಟೇ. ಬೈಸಿಕೊಳ್ಳುವುದು ಉಚಿತ.

ನನ್ನ ಗಂಡ ಕೊಟ್ರೇಶ ಹೋಗಿ ಎರಡು ವರ್ಷವಾಯಿತು. ಇದೇ ರೂಮಿನಲ್ಲಿ ಎದೆ ಉರಿಯುತ್ತದೆ, ಸೋಡಾ ತಾ ಅಂದರು. ತರುವಷ್ಟರಲ್ಲಿ ಇರಲಿಲ್ಲ. ಮಕ್ಕಳೂ ಇಲ್ಲ. ಸಂಜೆ ಅತ್ತೆ ಬಸಕ್ಕನ ಫೋನು, ಪ್ರತಿ ಹಬ್ಬದ ಅದೇ ಮಾತು.

“ಬೆಂಗಳೂರಾಗ ಏನೈತೆವ್ವಾ ನಿನಗ? ಊರಿಗೆ ಬಂದುಬಿಡು. ದೊಡ್ಡಾವನ ಮನ್ಯಾಗ ನನಗೂ ಮಾತಾಡ್ಲಿಕ್ಕೆ ಯಾರಿಲ್ಲ.”

ಈ ಸಲ ಹೂಂ ಅಂದೆ. ಕೆಳಗೆ ಹೋಗಿ ಮನೆ ಒಡತಿ ನಾಗಲಕ್ಷ್ಮಮ್ಮನಿಗೆ ದಸರಾ ಆದಮೇಲೆ ರೂಮು ಬಿಡುತ್ತೇನೆ ಎಂದೂ ಹೇಳಿಬಂದೆ. ನಿರ್ಧಾರವಾಯಿತು. ನೆಮ್ಮದಿಯಾಗಿದೆ ಅನ್ನಬೇಕು.

ಆಗಸ್ಟ್ 6, ಬುಧವಾರ

ರೊಟ್ಟಿ ಬಡಿಯಲು ಕುಳಿತರೆ ನನ್ನ ಕೈ ಇನ್ನೂ ಇಬ್ಬರ ಲೆಕ್ಕದ ಹಿಟ್ಟನ್ನೇ ತೆಗೆಯುತ್ತದೆ. ಕಡಿಮೆ ತೆಗೆಯಬೇಕೆಂದು ದಿನವೂ ಅಂದುಕೊಳ್ಳುತ್ತೇನೆ. ಉಳಿದದ್ದನ್ನು ಒಣಗಿಸಿ ಬುಟ್ಟಿಗೆ ಹಾಕುತ್ತೇನೆ. ಬುಟ್ಟಿ ತುಂಬಿದರೆ ಬೀದಿಯ ಹಸುವಿಗೆ. ಆ ಹಸು ಈಗ ನನ್ನನ್ನು ಕಂಡರೆ ಅಡ್ಡ ತಿರುಗುತ್ತದೆ.

ಇವತ್ತು ಲೇಥಿನ ಮನುಷ್ಯನ ಜೊತೆ ಜಗಳವಾಯಿತು. ಹೊಸದಾಗಿ ಬಂದವರು, ಹೆಸರು ಹನುಮಂತರಾಯಪ್ಪ. ಅವರ ಬಾಯಲ್ಲಿ ಅದು ಅನ್ಮಂತ್ರಾಯಪ್ಪ. ಅವರ ಪಿನ್ನುಗಳನ್ನು ಒಂದು ಹಿಡಿ ಕೆಂಪು ಡಬ್ಬಿಗೆ ಹಾಕಿದ್ದೆ. ಬಂದು ಡಬ್ಬಿಯನ್ನೇ ನೋಡುತ್ತಾ ನಿಂತರು.

“ಮೇಡಂ, ಒಂಚೂರು ಒತ್ತಿ ನೋಡಿದ್ರೆ ಓಗ್ತದೆ.”

“ಒತ್ತಿದ್ರ ಎಲ್ಲಾ ಹೋಗತೈತ್ರಿ. ಒತ್ತಲಾರದ ಹೋಗಬೇಕು.”

ಅವರು ಡಬ್ಬಿ ಎತ್ತಿಕೊಂಡು ಹೋಗಿ ಎಲ್ಲವನ್ನೂ ಮತ್ತೆ ಉಜ್ಜಿ ತಂದರು. ನಲವತ್ತೈದು ದಾಟಿದ ಗಂಡಸು ಇಷ್ಟಕ್ಕೆ ಮುಖ ಊದಿಸಿಕೊಳ್ಳದಿರುವುದನ್ನು ಈ ಊರಲ್ಲಿ ಮೊದಲ ಸಲ ನೋಡಿದೆ.

ಆಗಸ್ಟ್ 13, ಬುಧವಾರ

ಹಸುವಿನ ಪಾಲಿನ ಒಣ ರೊಟ್ಟಿಯನ್ನು ಡಬ್ಬಿಯಲ್ಲಿ ಒಯ್ದಿದ್ದೆ. ಊಟಕ್ಕೆ ಹನುಮಂತರಾಯಪ್ಪ ಎದುರಿನ ಸ್ಟೂಲಿನಲ್ಲಿ ಕುಳಿತಿದ್ದರು. ತಿನ್ನುವಾಗ ಎದುರಿಗಿದ್ದವರಿಗೆ ಕೊಡದಿರುವುದು ಹೇಗೆ? ಒಂದು ಕೊಟ್ಟೆ. ತಿರುವಿ ಮುರುವಿ ನೋಡಿದರು.

“ಇದೇನು, ಅಪ್ಪಳನಾ?”

“ರೊಟ್ಟಿರಿ. ಕಡದು ತಿನ್ನಬೇಕು.”

ಅವರು ಕಡಿದ ಸದ್ದಿಗೆ ಪಕ್ಕದ ಶೆಡ್ಡಿನವರು ತಿರುಗಿ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಪಲ್ಯದಲ್ಲಿ ನೆನೆಸಿಕೊಂಡು ತಿನ್ನಿ ಎಂದು ತೋರಿಸಿಕೊಟ್ಟೆ. ಅವರು ತಮ್ಮ ಡಬ್ಬಿಯಿಂದ ಒಂದು ತುಂಡು ಮುದ್ದೆ, ಸೊಪ್ಪಿನ ಸಾರು ಕೊಟ್ಟರು. ತಾವೇ ತಿರುವಿದ್ದಂತೆ. ಹೆಂಡತಿ ಆಶಾರಾಣಿ ಕೊರೊನಾ ಎರಡನೇ ಅಲೆಯಲ್ಲಿ ಹೋದರು ಎಂದು, ಉಪ್ಪು ಕಡಿಮೆಯಾಗಿದೆ ಎನ್ನುವವರ ದನಿಯಲ್ಲಿ ಹೇಳಿದರು.  ನಾನು ಮುದ್ದೆಯನ್ನು ಅಗಿದೆ. ಅದನ್ನು ಅಗಿಯಬಾರದಂತೆ, ಆದರೂ ಅವರು ನಗಲಿಲ್ಲ.

ಆಗಸ್ಟ್ 26, ಮಂಗಳವಾರ

ಗೌರಿ ಹಬ್ಬ. ನಾಗಲಕ್ಷ್ಮಮ್ಮ ಬಾಗಿನದ ಮೊರ ಹಿಡಿದು ಮಹಡಿ ಹತ್ತಿ ಬಂದರು. ನನ್ನ ಬಾಗಿಲು ದಾಟಿ ಕೊನೆಯ ರೂಮಿನವಳಿಗೆ ಕೊಟ್ಟರು. ವಾಪಸ್ ಬರುವಾಗ ನನ್ನ ಬಾಗಿಲಲ್ಲಿ ನಿಂತು, “ಊಟ ಆಯ್ತೇನಮ್ಮ?” ಅಂದರು. ಪಾಪ, ಅವರಿಗೂ ಮುಜುಗರ. ಮುತ್ತೈದೆಗೆ ಕೊಡುವುದನ್ನು ನನಗೆ ಕೊಡಲಾಗುತ್ತದೆಯೇ? ಗೊತ್ತಿರುವುದೇ. ಆದರೂ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಅತ್ತೆ. ಮೊರದ ಅಕ್ಕಿಬೇಳೆಗಲ್ಲ. ಕಾಲಿನ ಸಪ್ಪಳ ಹತ್ತಿರ ಬಂದು ನಿಲ್ಲದೆ ಮುಂದೆ ಹೋಯಿತಲ್ಲ, ಅದಕ್ಕೆ.

ವರ್ಕ್‌ಶಾಪಿನಲ್ಲಿ ಹೆಂಗಸರೆಲ್ಲ ಜರಿ ಸೀರೆ. ನಿಮ್ಮ ಕಡೆ ಹಬ್ಬಕ್ಕೆ ಎಂಥದ್ದು ಉಡ್ತಾರೆ ಎಂದು ಹನುಮಂತರಾಯಪ್ಪ ಕೇಳಿದರು. ಇಳಕಲ್ ಸೀರೆ, ಕೆಂಪು ಸೆರಗು ಅಂದೆ. ನನ್ನದು ಟ್ರಂಕಿನ ತಳದಲ್ಲಿದೆ, ಕೆಂಪು ಸೆರಗು ಇನ್ನು ನನಗೆ ಯಾಕೆ ಎಂದು ಎರಡು ವರ್ಷದಿಂದ ತೆಗೆದಿಲ್ಲ ಎಂದೂ ಹೇಳಿದೆ. ಇಷ್ಟೆಲ್ಲ ಯಾಕೆ ಹೇಳಬೇಕಿತ್ತೋ.

ಸೆಪ್ಟೆಂಬರ್ 7, ಭಾನುವಾರ

ರೂಮು ನೋಡಲು ಒಂದು ಗಂಡ ಹೆಂಡತಿ ಬಂದಿದ್ದರು. ನಾನು ಒಲೆಯ ಮುಂದೆ ಇದ್ದಂತೆಯೇ ಮಂಚ ಎಲ್ಲಿ ಹಿಡಿಯುತ್ತದೆ ಎಂದು ಗೇಣು ಹಾಕಿ ಅಳೆದರು. ಆ ಹುಡುಗಿ ಕೊಟ್ರೇಶನ ಫೋಟೋ ಇರುವ ಮೊಳೆ ತೋರಿಸಿ, ಇಲ್ಲಿ ಕ್ಯಾಲೆಂಡರ್ ಹಾಕ್ಬಹುದು ಅಂದಳು. ನಾನು ಹೌದು, ಗಟ್ಟಿ ಮೊಳೆ ಅಂದೆ.

ಅವರು ಹೋದಮೇಲೆ ಜಾಲಹಳ್ಳಿ ಕ್ರಾಸಿನವರೆಗೆ ನಡೆದು ಹೊಸ ರೊಟ್ಟಿ ತವೆ ಕೊಂಡುತಂದೆ. ಹಳೆಯದು ನಡುವೆ ತಗ್ಗು ಬಿದ್ದು ರೊಟ್ಟಿ ಒಂದೇ ಸಮ ಬೇಯುತ್ತಿರಲಿಲ್ಲ. ದಿನಾ ಅಷ್ಟು ರೊಟ್ಟಿ ಒಯ್ಯುವಾಗ ಕರಕಲು ಒಯ್ಯಲಾಗುತ್ತದೆಯೇ? ಊರಿಗೆ ಹೋಗುವಾಗ ಹೊರಲು ಇನ್ನೊಂದು ಭಾರ.

ಸೆಪ್ಟೆಂಬರ್ 12, ಶುಕ್ರವಾರ

ಹನುಮಂತರಾಯಪ್ಪ ರಜೆ. ಜ್ವರವಂತೆ. ರೊಟ್ಟಿ ವಾಪಸ್ ತಂದೆ. ಹಸುವೂ ಇರಲಿಲ್ಲ.

ಸೆಪ್ಟೆಂಬರ್ 21, ಭಾನುವಾರ

ಮಹಾಲಯ ಅಮಾವಾಸ್ಯೆ. ನಾಗಲಕ್ಷ್ಮಮ್ಮನ ಮನೆಯವರೆಲ್ಲ ಹಿರಿಯರ ಪೂಜೆಗೆಂದು ಮೈದುನನ ಮನೆಗೆ ಹೋಗಿದ್ದಾರೆ. ಅಕ್ಕಪಕ್ಕದ ರೂಮುಗಳಿಗೂ ಬೀಗ. ಹನುಮಂತರಾಯಪ್ಪನೂ ನೆಲಮಂಗಲದ ಆಚೆ ತಮ್ಮ ಊರಿಗೆ ಹೋಗಿದ್ದಾರೆ. ಇಡೀ ಕಟ್ಟಡದಲ್ಲಿ ನಾನೊಬ್ಬಳೇ. ಮೇಲಿನ ಟ್ಯಾಂಕು ತುಂಬಿ ನೀರು ಸುರಿಯತೊಡಗಿತು. ಮೋಟರ್ ಆರಿಸಿ ಎಂದು ಕೂಗಲು ಬಾಯಿ ತೆರೆದು, ಯಾರನ್ನು ಕೂಗುವುದು ಎಂದು ನಾನೇ ಇಳಿದು ಹೋಗಿ ಆರಿಸಿದೆ.

ಕೊಟ್ರೇಶನ ಫೋಟೋ ಮುಂದೆ ರೊಟ್ಟಿ, ಎಣ್ಣೆಗಾಯಿ ಇಟ್ಟೆ. ಹೊಸ ತವೆಯ ರೊಟ್ಟಿ ಎಂದು ಹೇಳಿದೆ. ಬದುಕಿದ್ದಾಗ ಒಂದು ದಿನವೂ ಅಡುಗೆಯನ್ನು ಹೊಗಳಿದವರಲ್ಲ, ಈಗ ಹೊಗಳುತ್ತಾರೆಯೇ?

ಸೆಪ್ಟೆಂಬರ್ 23, ಮಂಗಳವಾರ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಬಂದರೆ ಬರಲಿ.

ಸಂಜೆ ಕೆಲಸ ಬಿಟ್ಟು ಕೈ ತೊಳೆಯುತ್ತಿದ್ದಾಗ ಹನುಮಂತರಾಯಪ್ಪ ಬಂದು ಒಂದು ಕವರ್ ಚಾಚಿದರು. ಮುಖ ನೋಡದೆ ಮಾತಾಡಿದರು.

“ಅಮಾಸೆಗೆ ತಂದಿದ್ದು. ತಪ್ಪು ತಿಳ್ಕೋಬೇಡಿ. ಉಟ್ಕೊಳ್ಳಿ.”

ಸಿಹಿಯೇನೋ ಅಂದುಕೊಂಡು ತೆಗೆದುಕೊಂಡೆ. ಕೊನೆಯ ಮಾತು ತಲೆಗೆ ಇಳಿಯುವಷ್ಟರಲ್ಲಿ ಅವರು ಗೇಟು ದಾಟಿದ್ದರು. ರೂಮಿಗೆ ಬಂದು ಬಿಚ್ಚಿದರೆ ಸೀರೆ.

ನಮ್ಮ ಕಡೆ ಗಂಡ ಸತ್ತವಳಿಗೆ ಗಂಡಸೊಬ್ಬ ಸೀರೆ ಕೊಟ್ಟು ಉಟ್ಟುಕೋ ಅಂದರೆ ಅದಕ್ಕೆ ಒಂದೇ ಅರ್ಥ. ಉಡಿಕಿ ಮಾಡಿಕೊಳ್ಳುತ್ತೇನೆ, ನನ್ನ ಹೆಂಡತಿಯಾಗು ಎಂದು. ಚಿಕ್ಕವಳಿದ್ದಾಗ ಸೋದರತ್ತೆ ಗಂಗವ್ವನ ಉಡಿಕಿ ಕಂಡಿದ್ದೇನೆ. ತಾಳಿಯಿಲ್ಲ, ವಾಲಗವಿಲ್ಲ. ಮುತ್ತೈದೆಯರು ನೋಡಬಾರದೆಂದು ಒಳಗೆ ಬಾಗಿಲು ಹಾಕಿಕೊಂಡರು, ಮಕ್ಕಳನ್ನು ಅಟ್ಟಿದರು. ಗಂಗವ್ವ ಹಿತ್ತಲ ಕೋಣೆಯಲ್ಲಿ ದೀಪವಿಲ್ಲದೆ ಆ ಸೀರೆ ಉಟ್ಟು, ಬೆಳಕು ಹರಿಯುವ ಮೊದಲೇ ಅವನ ಹಿಂದೆ ಹೊರಟುಹೋದಳು. ಆಮೇಲೆ ಯಾರ ಮದುವೆಗೆ ಬಂದರೂ ಹಂದರದ ಹೊರಗೇ ನಿಲ್ಲುತ್ತಿದ್ದಳು. ನಾನು ಹೋಗಿ ಕೈ ಹಿಡಿದು ಒಳಗೆ ಕರೆದರೆ ನನ್ನ ಅವ್ವನೇ ನನಗೆ ಬಡಿದಳು.

ಒಂದೂವರೆ ತಿಂಗಳು ರೊಟ್ಟಿ ಕೊಟ್ಟದ್ದಕ್ಕೆ ಈ ಮನುಷ್ಯ ನನ್ನನ್ನು ಏನೆಂದು ತಿಳಿದ? ಒಂದು ಮಾತು ಕೇಳುವುದು ಬೇಡವೇ? ನಾಳೆಯೇ ಮುಖದ ಮೇಲೆ ಎಸೆಯುತ್ತೇನೆ.

ಅತ್ತೆ ಬಸಕ್ಕನಿಗೆ ಫೋನು ಮಾಡಿದೆ. ಗಂಗವ್ವತ್ತಿ ಉಡಿಕಿಯಾಗಿ ಸುಖವಾಗಿದ್ದಳೇನ್ರಿ ಎಂದು ಸುಮ್ಮನೆ ಕೇಳುವವಳಂತೆ ಕೇಳಿದೆ.  ಅತ್ತೆ ತಿರುಗಿ ಕೇಳಿದ್ದು ಒಂದೇ.

“ಸೀರಿ ಯಾವ ಬಣ್ಣದ್ದು?”

ನಾನು ಕವರಿನಿಂದ ಮುಖ ತಿರುಗಿಸಿಕೊಂಡೆ. ಅವರು ಫೋನು ಇಟ್ಟರು.

ಸೆಪ್ಟೆಂಬರ್ 24, ಬುಧವಾರ

ಎಸೆಯಲಿಲ್ಲ. ಕವರನ್ನು ಅವರ ಲೇಥಿನ ಪಕ್ಕದ ಕಟ್ಟೆಯ ಮೇಲೆ ಇಟ್ಟೆ.

“ನಾ ಒಬ್ಬಾಕಿ ಅದೇನಿ ಅಂತ ಹಿಂಗ ಮಾಡಿದ್ರೇನ್ರಿ? ನಿಮ್ಮನ್ನ ಮನಷ್ಯಾ ಅಂತ ತಿಳಿದಿದ್ದೆ.”

ಅವರು ಮಷೀನು ನಿಲ್ಲಿಸಿದರು.  ಕೈಯ ಎಣ್ಣೆಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿಕೊಂಡ ಮೇಲೆಯೇ ಕವರ್ ಎತ್ತಿಕೊಂಡರು. ಊಟಕ್ಕೆ ಬರಲಿಲ್ಲ. ಹೊರಗೆ ಗೇಟಿನ ಹತ್ತಿರ ನಿಂತು ಉಂಡರಂತೆ.

ಮಾಡಿದ್ದು ಸರಿ. ಸರಿಯಾದದ್ದನ್ನು ಮಾಡಿದಮೇಲೂ ಒಯ್ದ ರೊಟ್ಟಿಯನ್ನು ಹಾಗೇ ವಾಪಸ್ ಯಾಕೆ ತಂದೆ?

ಸೆಪ್ಟೆಂಬರ್ 26, ಶುಕ್ರವಾರ

ಅವರ ಪಿನ್ನುಗಳು ಎಲ್ಲವೂ ಪಾಸು. ಜಗಳಕ್ಕೆ ಒಂದು ನೆಪವನ್ನೂ ಬಿಡಲಿಲ್ಲ. ಅತ್ತೆಯ ಫೋನು ಇಲ್ಲ.

ಸೆಪ್ಟೆಂಬರ್ 28, ಭಾನುವಾರ

ಬಟ್ಟೆ ಒಣಹಾಕಲು ತಾರಸಿ ಹತ್ತಿದರೆ ನಾಗಲಕ್ಷ್ಮಮ್ಮ ಹೊಸ ಸೀರೆಯೊಂದನ್ನು ಹರವುತ್ತಿದ್ದರು. ಹಬ್ಬಕ್ಕೆ ಜೋರಾಗಿದೆಯಲ್ಲ ಅಂದೆ.

“ನಂದಲ್ಲ ಕಣಮ್ಮ, ನಮ್ಮತ್ತೇದು. ಅಮಾಸೆ ದಿನ ಸತ್ತೋದೋರ್ಗೆ ಎಡೆ ಇಕ್ತೀವಲ್ಲ, ಜೊತೇಲಿ ಒಸ ಬಟ್ಟೇನೂ ಇಕ್ತೀವಿ. ಗಂಡಸ್ರಿಗೆ ಪಂಚೆ, ಎಂಗಸ್ರಿಗೆ ಸೀರೆ. ಪೂಜೆ ಆದ್ಮೇಲೆ ಮನೇಲಿರೋರು ಯಾರಾದ್ರೂ ಉಟ್ಕೋಬೇಕು. ಸುಮ್ನೆ ಮಡಗ್ಬಾರ್ದು.”

ಅಮಾಸೆಗೆ ತಂದಿದ್ದು. ಉಟ್ಕೊಳ್ಳಿ.

ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು ಕೇಳಿದೆ. ಮನೆಯಲ್ಲಿ ಉಡುವವರು ಯಾರೂ ಇಲ್ಲದಿದ್ದರೆ?

“ಬೇಕಾದೋರ್ಗೆ ಕೊಡ್ತಾರೆ. ಆದ್ರೆ ಮುತ್ತೈದೆಯಾಗಿ ಓದೋಳ ಸೀರೇನ ಮುತ್ತೈದೆಗೇ ಕೊಡ್ಬೇಕು. ಯಾಕಮ್ಮ?”

ಏನಿಲ್ಲ ಅಂದೆ. ಕೆಳಗೆ ಬಂದು ಕುಳಿತೆ.

ಆ ಮನುಷ್ಯ ನನ್ನನ್ನು ಏನೂ ಕೇಳಿಯೇ ಇರಲಿಲ್ಲ. ತೀರಿಹೋದ ಹೆಂಡತಿಯ ಸೀರೆಯನ್ನು ಉಡುವವರಿಲ್ಲವೆಂದು ಕೊಟ್ಟಿದ್ದರು. ನಾನು ಅವರನ್ನು ಎಂಥ ಮಾತು ಅಂದೆ. ನಾಚಿಕೆಯಾಯಿತು.

ಇನ್ನೊಂದು ಮಾತು. ಅವರು ಕೇಳಿರಲಿಲ್ಲ ಎಂದು ತಿಳಿದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮಧ್ಯಾಹ್ನದಿಂದ ಏನೋ ಕಳೆದುಕೊಂಡವಳಂತೆ ರೂಮಿನಲ್ಲಿ ಸುತ್ತುತ್ತಿದ್ದೇನೆ. ಹಸಿವೆಯಿರಬೇಕು. ರೊಟ್ಟಿ ಬಡಿಯಲು ಮನಸ್ಸಿಲ್ಲ.

ಸೆಪ್ಟೆಂಬರ್ 29, ಸೋಮವಾರ

ಎಲ್ಲವನ್ನೂ ಬರೆದಿಡಬೇಕು. ಮುಂದೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ಊಟದ ಹೊತ್ತಿಗೆ ನಾನೇ ಡಬ್ಬಿ ಹಿಡಿದು ಗೇಟಿಗೆ ಹೋದೆ. ಹನುಮಂತರಾಯಪ್ಪ ಬೇವಿನ ಮರದ ಕೆಳಗೆ ನಿಂತು ಉಣ್ಣುತ್ತಿದ್ದರು. ತಪ್ಪಾಯ್ತ್ರಿ ಅಂದೆ. ಎಡೆಯ ಸೀರೆಯ ಪದ್ಧತಿ ನನಗೆ ತಿಳಿದಿರಲಿಲ್ಲ ಎಂದೂ, ನಮ್ಮ ಕಡೆ ಸೀರೆ ಕೊಟ್ಟರೆ ಏನರ್ಥ ಎಂದೂ, ಗಂಗವ್ವನ ಕತೆಯನ್ನೂ ತಲೆ ತಗ್ಗಿಸಿಕೊಂಡೇ ಹೇಳಿ ಮುಗಿಸಿದೆ. ಅವರು ಕೈಯಲ್ಲಿದ್ದ ಮುದ್ದೆಯ ತುತ್ತನ್ನು ಮತ್ತೆ ಡಬ್ಬಿಗೆ ಇಟ್ಟರು.

“ಅಂಗಾ? ನಂಗೆ ಗೊತ್ತಿರ್ಲಿಲ್ಲ, ದೇವ್ರಾಣೆ.”

“ಗೊತ್ತೈತ್ರಿ. ಅದಕ್ಕ ತಪ್ಪಾತು ಅಂದೆ.”

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾಗಲಕ್ಷ್ಮಮ್ಮನ ಮಾತು ತಲೆಯಲ್ಲಿತ್ತು, ಬಾಯಿ ಸುಮ್ಮನಿರಲಿಲ್ಲ.

“ಆ ಸೀರಿ ಮುತ್ತೈದಿಗೆ ಕೊಡಬೇಕಂತಲ್ರಿ. ನನಗ್ಯಾಕ ಕೊಟ್ರಿ?”

ಅವರು ಡಬ್ಬಿಗೆ ಮುಚ್ಚಳ ಹಾಕುತ್ತಲೇ ಹೇಳಿದರು.

“ನಮ್ಮಕ್ಕ ಕೇಳಿದ್ಲು. ಕೊಡ್ಲಿಲ್ಲ. ಪ್ರತಿ ವರ್ಸ ಆಶಾಗೆ ಅಂತ ನೀಲಿ ಸೀರೆ ತರ್ತಿದ್ದೆ, ಅವ್ಳಿಗೆ ಅದೇ ಇಷ್ಟ. ಈ ಸಲ್ವೂ ಅಂಗಡಿಗೆ ಓದೆ. ನೋಡ್ತಿದ್ದಿದ್ದು ಅವ್ಳಿಗೆ ಅಂತ್ಲೇ. ತಗೊಂಡ್ಬಂದಿದ್ದು ನಿಮ್ಗೆ.”

ನಾನು ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿದೆ.

“ಮನೇಗೆ ತಂದು ಬಿಚ್ಚಿದ್ಮೇಲೇನೇ ಗೊತ್ತಾಗಿದ್ದು. ಇಳಕಲ್ಲು. ನಮ್ಮ ಕಡೆ ಯಾರು ಉಡ್ತಾರೆ ಅದನ್ನ? ಅದ್ನೇ ಎಡೆ ಮುಂದೆ ಇಕ್ಕಿ ಅವ್ಳಿಗೆ ಏಳ್ದೆ, ಇಂಗಾಗೋಯ್ತು ಕಣೆ, ಬೇಜಾರ್ ಮಾಡ್ಕೋಬೇಡ ಅಂತ.”

ಆಗ ಗೌರಿ ಹಬ್ಬದ ದಿನ ನಾನೇ ಹೇಳಿದ್ದು ನೆನಪಾಯಿತು. ಕೆಂಪು ಸೆರಗು. ಕವರ್ ಬಿಚ್ಚಿದ ದಿನ ಸಿಟ್ಟಿನಲ್ಲಿ ಸೀರೆ ಎಂದಷ್ಟೇ ನೋಡಿದ್ದೆ, ಎಂಥ ಸೀರೆ ಎಂದು ನೋಡಿರಲಿಲ್ಲ.

“ನಿಮ್ಮ ಕಡೆ ಅಂಗೆ ಅರ್ಥ ಅಂತ ಗೊತ್ತಿದ್ದಿದ್ರೆ...” ಅಂದು ನಿಲ್ಲಿಸಿದರು.

“ಗೊತ್ತಿದ್ರ? ಕೊಡತಿದ್ದಿಲ್ಲೇನು?”

“ಕೊಡ್ತಿದ್ದೆ. ಇಂಗೆ ನಲ್ಲಿ ಅತ್ರ ಕೊಡ್ತಿರ್ಲಿಲ್ಲ. ಕೇಳಿ ಕೊಡ್ತಿದ್ದೆ.”

ಊಟದ ಗಂಟೆ ಮುಗಿಯಿತು. ನಾನು ರೊಟ್ಟಿ ಡಬ್ಬಿ ಅವರ ಕೈಗೆ ಕೊಟ್ಟು ಒಳಗೆ ಬಂದೆ. ಸಂಜೆ ಖಾಲಿ ಡಬ್ಬಿಯ ಜೊತೆ ಆ ಕವರ್ ನನ್ನ ಮೇಜಿನ ಮೇಲಿತ್ತು. ಬೇಡವಾದರೆ ಅಲ್ಲೇ ಬಿಡಬಹುದಿತ್ತು. ತಂದಿದ್ದೇನೆ. ತಂದದ್ದಷ್ಟೇ.

ಸೆಪ್ಟೆಂಬರ್ 30, ಮಂಗಳವಾರ

ಬೆಳಗ್ಗೆ ಅತ್ತೆಯ ಫೋನು ಬಂತು. ವಾರವಾಗಿತ್ತು.

“ನೀ ಬರ್ತೀ ಅಂತ ನಿನ್ನ ಹಾಸಿಗಿ ಬಿಸಲಿಗೆ ಹಾಕ್ಲೋ ಬ್ಯಾಡೋ? ಅಷ್ಟು ಹೇಳು.”

ಕೊಟ್ರೇಶನ ಫೋಟೋ ನೋಡಿದೆ. ಸೋಡಾ ತರಲು ಹೋದಾಗ ಇದ್ದ ಮನುಷ್ಯ, ತಿರುಗಿ ಬಂದಾಗ ಇಲ್ಲ. ಎರಡು ವರ್ಷದಿಂದ ನಾನು ಆ ಬಾಗಿಲಲ್ಲೇ ಬಾಟಲಿ ಹಿಡಿದು ನಿಂತಿದ್ದೇನೆ ಅನ್ನಿಸಿತು. ಕೈ ಸೋತಿದೆ.

“ಬ್ಯಾಡ್ರಿ ಅತ್ತಿ,” ಅಂದೆ.

ಅತ್ತೆ ಅತ್ತರು. ನಾನೂ ಅತ್ತೆ. ಅವರು ಮಗನಿಗಾಗಿ, ನಾನು ಯಾರಿಗಾಗಿ ಎಂದು ಹೇಳಲಾರೆ, ಎಲ್ಲರಿಗಾಗಿ ಇರಬಹುದು. ಮೂಗು ಒರೆಸಿಕೊಂಡು ಅವರು ಒಂದು ಮಾತು ಹೇಳಿದರು.

“ನನಗ ಸಂಕಟ ಆಗೇತಿ, ಸುಳ್ಳು ಹೇಳಂಗಿಲ್ಲ. ಸ್ವಲ್ಪ ದಿನ ಫೋನು ಮಾಡಬ್ಯಾಡ. ಆದ್ರ ಗಂಗವ್ವ ಕತ್ತಲದಾಗ ಉಟ್ಟಳು, ಸಾಯೂತನಕ ಹೊರಗ ನಿಂತಳು. ನೀ ಹಂಗ ಉಡಬ್ಯಾಡ.”

ಅಕ್ಟೋಬರ್ 1, ಬುಧವಾರ

ಇವತ್ತು ಆಯುಧಪೂಜೆ. ಹೊತ್ತು ಏರುವವರೆಗೆ ಕಾದೆ. ಕಿಟಕಿ ಪೂರ್ತಿ ತೆರೆದು, ಬೆಳಕು ನೆಲದ ಮೇಲೆ ಬಿದ್ದಮೇಲೆ ಸೀರೆ ಉಟ್ಟೆ. ನೆರಿಗೆ ಎರಡು ಸಲ ತಪ್ಪಿತು. ಕೊಟ್ರೇಶನಿಗೆ ಹೋಗಿಬರುತ್ತೇನೆ ಎಂದು ಹೇಳಿದೆ, ದಿನವೂ ಹೇಳುವಂತೆಯೇ.

ಬಾಗಿಲು ತೆರೆದರೆ ನಾಗಲಕ್ಷ್ಮಮ್ಮ. ಹೋದ ತಿಂಗಳು ಮಂಚಕ್ಕೆ ಜಾಗ ಅಳೆದಿದ್ದ ಗಂಡ ಹೆಂಡತಿಯನ್ನು ಮತ್ತೆ ಕರೆತಂದಿದ್ದರು. ನನ್ನನ್ನು ಸೆರಗಿನಿಂದ ನೆರಿಗೆಯವರೆಗೆ ನೋಡಿದರು.

“ಈ ರೂಮು ಖಾಲಿ ಇಲ್ರಿ,” ಅಂದೆ.

“ಅಲ್ಲಮ್ಮ, ಬಿಡ್ತೀನಿ ಅಂದಿದ್ಯಲ್ಲ...”

“ಅಂದಿದ್ದೆ. ಬಿಡಂಗಿಲ್ಲ.”

ಆ ಹುಡುಗಿಗೆ ಬೇಸರವಾಯಿತು. ಬೇರೆ ರೂಮು ಸಿಗುತ್ತದೆ, ಪೀಣ್ಯದಲ್ಲಿ ಮೊಳೆಗಳಿಗೇನು ಬರವಿಲ್ಲ. ನಾಗಲಕ್ಷ್ಮಮ್ಮ ಇನ್ನೇನನ್ನೂ ಕೇಳಲಿಲ್ಲ. ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ, “ಸೆರಗು ನೆಲಕ್ಕೆ ತಾಗ್ತೈತೆ, ಎತ್ಕಮ್ಮ,” ಅಂದರು.

ಬೀದಿಯುದ್ದಕ್ಕೂ ನಡೆದೇ ಹೋದೆ. ಪ್ರತಿ ಶೆಡ್ಡಿನ ಮುಂದೆ ಬಾಳೆಕಂಬ, ಒಡೆದ ಬೂದುಗುಂಬಳ, ಕುಂಕುಮದ ಕೆಸರು. ತೊಳೆದ ಲಾರಿಗಳಿಗೆಲ್ಲ ಹೂವಿನ ಹಾರ.  ಎಲ್ಲರೂ ನೋಡುತ್ತಿದ್ದಾರೆ ಎಂದುಕೊಂಡಿದ್ದೆ. ಯಾರೂ ನೋಡಲಿಲ್ಲ. ಹಬ್ಬದ ದಿನ ಸೀರೆ ಉಟ್ಟ ಇನ್ನೊಬ್ಬಳು ಹೆಂಗಸು, ಅಷ್ಟೇ.

ವರ್ಕ್‌ಶಾಪಿನಲ್ಲಿ ಹನುಮಂತರಾಯಪ್ಪ ತಮ್ಮ ಲೇಥಿಗೆ ವಿಭೂತಿ ಬಳಿಯುತ್ತಿದ್ದರು. ಬಿಳಿ ಅಂಗಿ, ತಲೆಗೆ ಎಣ್ಣೆ. ಗೇಟಿನಲ್ಲಿ ನಿಂತ ನನ್ನನ್ನು ನೋಡಿದರು. ನೋಡುತ್ತಲೇ ಇದ್ದರು, ಬೆರಳಿನ ವಿಭೂತಿ ಒಣಗಿಹೋಯಿತು. ಆಮೇಲೆ ಹೊರಗೆ ಬಂದರು. ಬೇವಿನ ಮರದ ನೆರಳು ನನ್ನಿಂದ ನಾಲ್ಕು ಮಾರು ಆಚೆಗಿತ್ತು.

“ಅಲ್ಯಾಕೆ ನಿಂತ್ರಿ? ಬಿಸ್ಲು ಜೋರಾಗೈತೆ, ನೆರಳಿಗೆ ಬನ್ನಿ.”

“ಇರ್ಲಿ ಬಿಡ್ರಿ,” ಅಂದೆ. “ಇಲ್ಲೇ ಬೆಳಕಿನ್ಯಾಗ ನಿಂದರ್ತೇನಿ.”

ಅವರು ಒಮ್ಮೆ ಮರದ ಕಡೆ ನೋಡಿದರು, ಒಮ್ಮೆ ನನ್ನ ಕಡೆ. ಆಮೇಲೆ ತಾವೂ ಬಿಸಿಲಿಗೆ ಬಂದು ನನ್ನ ಪಕ್ಕದಲ್ಲಿ ನಿಂತರು.